ಶಿಂಗಲ್ ಬಿಡಿ, ಹಲಗೆ ಸಂದು ಮುಚ್ಚಿದ್ದಾರಾ ಹೇಳಿ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಟ್ಯಾಂಪಾದಿಂದ ಒಬ್ಬರು ಬರೆದಿದ್ದಾರೆ: "ಸರ್, ನಮ್ಮದು ಗಂಟೆಗೆ 130 ಮೈಲಿ ಗಾಳಿಗೆ ವಾರಂಟಿ ಇರೋ ಶಿಂಗಲ್. ಜೂನ್ 1ಕ್ಕೆ ಚಂಡಮಾರುತದ ಕಾಲ ಶುರುವಾದ್ರೆ ನಮಗೇನು ಭಯ?" ಅದಕ್ಕೆ ಬಿದ್ದಿರೋ ಲೈಕುಗಳನ್ನ ನೋಡಿ ಮೈ ಉರಿದುಹೋಯ್ತು. ಫ್ಲೋರಿಡಾದಲ್ಲಿ ಮನೆ ತಗೊಂಡಿರೋ ಕನ್ನಡಿಗರೆಲ್ಲ ಇವತ್ತು ಕೂತು ಕೇಳಿಸ್ಕೊಳ್ಳಿ.

ಶಿಂಗಲ್ ಅಂದ್ರೆ ಚಾವಣಿ ಮೇಲೆ ಸಾಲುಸಾಲಾಗಿ ಹೊಡೆಯೋ ಡಾಂಬರಿನ ಬಿಲ್ಲೆ, ಬರೀ ಹೊದಿಕೆ. ಮನೆ ಕಾಯೋದು ಅದರ ಕೆಳಗಿನ ಹಲಗೆ. ಊರಲ್ಲಿ ಆರ್‌ಸಿಸಿ ಸ್ಲ್ಯಾಬ್ ಕೆಳಗೆ ಬೆಳೆದವರು ನಾವು, ಚಾವಣಿ ಅಂದ್ರೆ ಒಂದೇ ತುಂಡು ಅನ್ನೋದು ತಲೇಲಿ ಕೂತುಬಿಟ್ಟಿದೆ. ಇಲ್ಲಿ ಹಾಗಲ್ಲ. ನಾಲ್ಕಡಿ ಅಗಲ, ಎಂಟಡಿ ಉದ್ದದ ಪ್ಲೈವುಡ್ ಇಲ್ಲಾ ಓಎಸ್‌ಬಿ (ಮರದ ಚೂರು ಅಂಟಿಸಿ ಒತ್ತಿದ) ಹಲಗೆಗಳನ್ನ ಪಕ್ಕಪಕ್ಕ ಜೋಡಿಸಿ ಟ್ರಸ್‌ಗೆ, ಅಂದ್ರೆ ಚಾವಣಿ ಹೊರೋ ಮರದ ಚೌಕಟ್ಟಿಗೆ, ಹೊಡೆದಿರ್ತಾರೆ. ತೇವಕ್ಕೆ ಹಿಗ್ಗೋಕೆ ಜಾಗ ಬೇಕಲ್ಲ, ಅದಕ್ಕೆ ಎರಡು ಹಲಗೆ ನಡುವೆ ಇಂಚಿನ ಎಂಟನೇ ಒಂದು ಭಾಗ ಸಂದು ಬಿಡ್ತಾರೆ. ಗಾಳಿಗೆ ಶಿಂಗಲ್ ಕಿತ್ತು ಹೋಗಿ, ಅದರಡಿಯ ಫೆಲ್ಟ್ ಹಾಳೆ ಹರಿದ್ರೆ, ಒಂದೊಂದು ಸಂದೂ ನೀರಿಳಿಯೋ ದಾರಿ. 2,000 ಚದರಡಿ ಚಾವಣಿ ಮೇಲೆ ಒಂದಿಂಚು ಮಳೆ ಅಂದ್ರೆ ಸುಮಾರು 1,250 ಗ್ಯಾಲನ್ ನೀರು. ಸೀಲಿಂಗ್ ಮೇಲೆ ಬಿಸಿ ತಡೆಯೋಕೆ ಹಾಸಿರೋ ಇನ್ಸುಲೇಷನ್ ಅದನ್ನ ಕುಡಿದು ಭಾರ ಆಗತ್ತೆ, ಸೀಲಿಂಗ್ ಸಮೇತ ಹಾಸಿಗೆ ಮೇಲೆ ಬೀಳತ್ತೆ. ಗೋಡೆ ಒಂದೂ ಬಿರುಕು ಬಿಟ್ಟಿರಲ್ಲ, ಆದ್ರೂ ಮನೇಲಿ ಇರೋ ಹಾಗಿಲ್ಲ!

ಅದಕ್ಕೇ ಕೇಳ್ತಿರೋದು: ಹಲಗೆ ಸಂದು ಮುಚ್ಚಿದ್ದಾರಾ?

ಹೇಗೆ ಮುಚ್ಚೋದು, ಬರ್ಕೊಳ್ಳಿ. ರೂಫ್ ಬದಲಾಯಿಸುವಾಗ ಹಳೇದನ್ನೆಲ್ಲ ಕಿತ್ತು ಹಲಗೆ ಬರಿದು ಮಾಡಬೇಕು. ಕೊಳೆತ ಹಲಗೆ ತೆಗೆದು ಹೊಸದು ಹಾಕಬೇಕು. ಆಮೇಲೆ ಮೊಳೆ. ಮೈಮೇಲೆ ಉಂಗುರದಂಥ ಗೀರು ಇರೋ ರಿಂಗ್ ಶ್ಯಾಂಕ್ ಮೊಳೆ, 2 3/8 ಇಂಚಿಂದು, ಆರಾರು ಇಂಚಿಗೊಂದು, ಅಂಚಲ್ಲೂ ನಡುವಲ್ಲೂ. ನುಣ್ಣನೆ ಮೊಳೆಯನ್ನ ಗಾಳಿ ಮೇಲಕ್ಕೆ ಎಳೆದು ಕೀಳತ್ತೆ, ಗೀರು ಇರೋದು ಮರ ಕಚ್ಕೊಂಡಿರತ್ತೆ. ಆಮೇಲೆ ಧೂಳು ಗುಡಿಸಿ, ಒಣಗಿದ ಹಲಗೆ ಮೇಲೆ ಪ್ರತಿ ಸಂದಿಗೂ ಕನಿಷ್ಠ ನಾಲ್ಕಿಂಚು ಅಗಲದ ಅಂಟು ಫ್ಲ್ಯಾಷಿಂಗ್ ಟೇಪ್. ಓಎಸ್‌ಬಿ ಮೇಲೆ ಕೆಲವು ಟೇಪ್ ಸರಿಯಾಗಿ ಹಿಡಿಯಲ್ಲ, ಪ್ರೈಮರ್ ಬೇಕಾಗತ್ತೆ. ಅದರ ಮೇಲೆ ಅಂಡರ್‌ಲೇಮೆಂಟ್, ಅಂದ್ರೆ ಶಿಂಗಲ್ ಅಡಿಗೆ ಹಾಸೋ ಫೆಲ್ಟ್‌ನಂಥ ಹಾಳೆ, ತಲೆಗೆ ಅಗಲ ಬಿಲ್ಲೆ ಇರೋ ಕ್ಯಾಪ್ ಮೊಳೆಯಲ್ಲಿ. ಸ್ಟೇಪಲ್ ಗನ್ ಹಿಡ್ಕೊಂಡು ಬಂದವನನ್ನ ಏಣಿ ಹತ್ತಿಸಲೇಬೇಡಿ.

ಸ್ಟೇಪಲ್ ಮೇಲೆ ಯಾಕಿಷ್ಟು ಸಿಟ್ಟು? 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಹೋಮ್‌ಸ್ಟೆಡ್ ಕಡೆ ಹೊಡೆದಾಗ ಹಲಗೆಗಳೇ ಎದ್ದುಹೋದವು. ಹೋಗಿ ನೋಡಿದ್ರೆ ಎಷ್ಟೋ ಮನೆಗಳಲ್ಲಿ ಹಲಗೆಗೆ ಹೊಡೆದ ಸ್ಟೇಪಲ್ ಟ್ರಸ್‌ಗೆ ತಾಗೇ ಇರಲಿಲ್ಲ, ಪಕ್ಕದ ಗಾಳಿಗೆ ಹೊಡೆದಿದ್ರು! ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ ಜಾರಿಗೆ ಬಂದಿದ್ದು 2002ರಲ್ಲಿ, ಆ ಪಾಠದ ಮೇಲೆ. ನಿಮ್ಮ ಮನೆ ಅದಕ್ಕಿಂತ ಹಳೇದಾ? ಹಾಗಿದ್ರೆ ಈ ಭಾನುವಾರ ಬೆಳಿಗ್ಗೆ, ಬಿಸಿಲೇರೋಕೆ ಮುಂಚೆ, ಟಾರ್ಚ್ ಹಿಡಿದು ಚಾವಣಿಗೂ ಸೀಲಿಂಗ್‌ಗೂ ನಡುವಿನ ಆಟಿಕ್‌ಗೆ ಹತ್ತಿ. ಟ್ರಸ್ ಮರದ ಪಕ್ಕ ಮೊಳೆ ಮೊನೆ ಬರಿದಾಗಿ ಮಿನುಗ್ತಿದ್ರೆ ಅದು ಗುರಿ ತಪ್ಪಿದ ಮೊಳೆ. ಸಾಲಾಗಿ ಕಂಡ್ರೆ ಆ ಹಲಗೆ ಹೆಚ್ಚುಕಮ್ಮಿ ಸುಮ್ಮನೆ ಕೂತಿದೆ ಅಂತ ಅರ್ಥ.

"ರೂಫ್ ಇನ್ನೂ ಚೆನ್ನಾಗಿದೆ, ಈಗಲೇ ಯಾರು ಕೀಳ್ತಾರೆ?" ಕೀಳಬೇಡಿ. ಆಟಿಕ್ ಒಳಗಿಂದ ಸಂದುಗಳಿಗೂ, ಟ್ರಸ್-ಹಲಗೆ ಸೇರೋ ಮೂಲೆಗೂ ಫೋಮ್ ಅಂಟು ಹೊಡೆಸಬಹುದು. ಇನ್ಸುಲೇಷನ್‌ಗೆ ಅಂತ ಹೊಡೆಯೋ ಫೋಮ್ ಇದಕ್ಕೆ ಲೆಕ್ಕಕ್ಕಿಲ್ಲ. ವಿಮೆ ರಿಯಾಯ್ತಿಗೆ ತುಂಬಿಸೋ ವಿಂಡ್ ಮಿಟಿಗೇಷನ್ ಫಾರಂನಲ್ಲೇ ಹಾಗಂತ ಇದೆ.

"ನಮ್ಮದು ಕಾಂಕ್ರೀಟ್ ಟೈಲ್." ಹಾರಿ ಬಂದ ಒಂದು ಕೊಂಬೆ ಸಾಕು ಅದು ಒಡೆಯೋಕೆ. ಟೈಲ್ ಕೆಳಗೆ ನೀರು ತಡೆಯೋದು ಅಂಡರ್‌ಲೇಮೆಂಟೇ. "ಮೆಟಲ್." ಅದರ ಅಂಚು ಎದ್ರೂ ಕೆಳಗಿರೋದು ಅದೇ ಹಲಗೆ, ಅದೇ ಸಂದು!

"ಇನ್ಶೂರೆನ್ಸ್ ಇದೆಯಲ್ಲ." ಪಾಲಿಸಿ ತೆಗೆದು ಹರಿಕೇನ್ ಡಿಡಕ್ಟಿಬಲ್ ಸಾಲು ಓದಿ. ಎರಡು ಪರ್ಸೆಂಟ್ ಅಂತಿದ್ದು ಮನೆ ನಾಲ್ಕು ಲಕ್ಷ ಡಾಲರ್‌ಗೆ ವಿಮೆ ಆಗಿದ್ರೆ, ಮೊದಲ 8,000 ಡಾಲರ್ ನಿಮ್ಮ ಜೇಬಿಂದ. ಸಂದು ಮುಚ್ಚಿದ್ದಕ್ಕೆ ಪ್ರೀಮಿಯಂನಲ್ಲಿ ರಿಯಾಯ್ತಿ ಸಿಗಬಹುದು, ಆದ್ರೆ ಇನ್‌ಸ್ಪೆಕ್ಟರ್‌ಗೆ ಸಾಕ್ಷಿ ಬೇಕು. ಶಿಂಗಲ್ ಕೂತ ಮೇಲೆ ಏನೂ ಕಾಣಲ್ಲ. ಟೇಪ್ ಹಚ್ಚಿದ ದಿನವೇ, ಅಂಡರ್‌ಲೇಮೆಂಟ್ ಮುಚ್ಚೋಕೆ ಮುಂಚೆ, ಫೋಟೋ ತೆಗೆಸ್ಕೊಳ್ಳಿ.

ಇನ್ನು ಆ 130 ಮೈಲಿ. ಕಂಪನಿಗಳು ಸಾಮಾನ್ಯವಾಗಿ ಆ ವಾರಂಟಿಗೆ ಶಿಂಗಲ್‌ಗೆ ಆರು ಮೊಳೆ ಷರತ್ತು ಹಾಕಿರ್ತಾರೆ. ನಾಲ್ಕು ಹೊಡೆದು ಹೋಗಿದ್ರೆ? ಗನ್ ಒತ್ತಡ ಜಾಸ್ತಿಯಾಗಿ ಮೊಳೆ ತಲೆ ಶಿಂಗಲ್ಲನ್ನೇ ಕೊಯ್ದಿದ್ರೆ? ಎಲ್ಲ ಸರಿಯಿದ್ರೂ ವಾರಂಟಿ ಕಾಗದ ಶಿಂಗಲ್‌ಗೆ ದುಡ್ಡು ಕೊಡಬಹುದು, ಮಳೆ ನಿಲ್ಲಿಸಲ್ಲ.

ಎಚ್‌ಒಎ, ಅಂದ್ರೆ ಬಡಾವಣೆ ಮನೆಮಾಲೀಕರ ಸಂಘ, ಬಣ್ಣ ಕೇಳತ್ತೆ. ಸೇಲ್ಸ್‌ಮನ್ ಬಣ್ಣದ ಕ್ಯಾಟಲಾಗ್ ತರ್ತಾನೆ. ಮನೆಯವರೆಲ್ಲ ಕೂತು ಚಾರ್‌ಕೋಲಾ ಬ್ರೌನಾ ಅಂತ ವಾರಗಟ್ಟಲೆ ಚರ್ಚೆ ಮಾಡ್ತೀರಿ! ಸಂದು ಕೇಳಿ ಸ್ವಾಮಿ, ಸಂದು! ರೂಫ್‌ನವರು ಕೊಡೋ ಕೋಟ್‌ನಲ್ಲಿ (ದರಪಟ್ಟಿಯಲ್ಲಿ) "ಸೀಲ್ಡ್ ರೂಫ್ ಡೆಕ್", ಅಂದ್ರೆ ಸಂದು ಮುಚ್ಚಿದ ಹಲಗೆ, ಅನ್ನೋ ಸಾಲು ಇಲ್ದೇ ಸಹಿ ಹಾಕಬೇಡಿ. "ಅದೆಲ್ಲ ಮಾಡ್ತೀವಿ ಬಿಡಿ" ಅಂದ್ರೆ ಬರೆದು ಕೊಡಿ ಅನ್ನಿ. ಬರೆಯಲ್ಲ ಅಂದ್ರೆ ಬಾಗಿಲು ತೋರಿಸಿ, ಮುಂದಿನವರನ್ನ ಕರೀರಿ.

ಕೋಟ್ ಇದ್ರೆ ಹೆಸರು, ವಿಳಾಸ ಅಳಿಸಿ ಕಳಿಸಿ, ಲೈವ್‌ನಲ್ಲಿ ಸಾಲುಸಾಲಾಗಿ ನೋಡೋಣ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಗ್ಯಾರೇಜ್ ಬಾಗಿಲು. ಅದು ಒಳಕ್ಕೆ ಕುಸಿದ್ರೆ ನುಗ್ಗಿದ ಗಾಳಿ ಚಾವಣಿಯನ್ನ ಕೆಳಗಿಂದ ಎತ್ತತ್ತೆ. ಅಳತೆ ಟೇಪ್ ಹತ್ತಿರ ಇಟ್ಕೊಂಡು ಬನ್ನಿ, ಬಾಗಿಲಿನ ಅಗಲ, ಎತ್ತರ ಬೇಕಾಗತ್ತೆ.