ಡಿಜೆ ಬೀಟಿಗೆ ಮಾರ್ಚಿಂಗ್ ಬ್ಯಾಂಡ್ ಹೆಜ್ಜೆ ಹಾಕುತ್ತಾ?

ನಮಸ್ಕಾರ ಎಲ್ಲರಿಗೂ. ಇವತ್ತಿನ ಪ್ರಶ್ನೆ ನನ್ನದಲ್ಲ, ನಮ್ಮ ಅಕ್ಕನ ಮಗನದು. ಇಂಡಿಯಾನಾದ ಒಂದು ಹೈಸ್ಕೂಲ್ ಬ್ಯಾಂಡಿನಲ್ಲಿ ಅವನು ಬಾಸ್ ಡ್ರಮ್ ಬಾರಿಸುತ್ತಾನೆ. ನಾನು ಬಿಡುವಾದಾಗ ಲ್ಯಾಪ್‌ಟಾಪ್ ಮುಂದೆ ಕೂತು ಹೌಸ್ ಬೀಟ್ಸ್ ಮಾಡುವವನು. ಹೌಸ್ ಅಂದರೆ ಇಡಿಎಂನ, ಅಂದರೆ ಡಿಜೆಗಳು ಹಾಕುವ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್‌ನ, ಒಂದು ಬಗೆ. ಅದನ್ನು ಕೇಳಿ ಕೇಳಿ ಒಂದು ದಿನ ಅವನೇ ಕೇಳಿದ: "ಮಾವ, ಇದನ್ನೇ ನಾವು ಮೈದಾನದಲ್ಲಿ ಬಾರಿಸಿದ್ರೆ ಹೆಂಗಿರುತ್ತೆ? ಕಾಂಪಿಟಿಶನ್‌ಗೆ ನಡೆಯುತ್ತಾ?"

ನಡೆಯುತ್ತೆ ಅಂತ ನಾನು ತಕ್ಷಣ ಹೇಳಿದೆ. ಹೇಗೆ ಅನ್ನುವುದಕ್ಕೆ ಈ ವಿಡಿಯೋ.

ನಮ್ಮ ಕಡೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆ, ಇಲ್ಲಾಂದ್ರೆ ಪೊಲೀಸ್ ಬ್ಯಾಂಡ್. ಅಮೆರಿಕದಲ್ಲಿ ಇದು ದೊಡ್ಡ ಸ್ಪರ್ಧೆ. ಹೈಸ್ಕೂಲ್ ಬ್ಯಾಂಡುಗಳದ್ದು ಒಂದು ಲೋಕ. ಅದರ ಮೇಲಿನ ಮೆಟ್ಟಿಲು ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಎಲ್ಲರ ಬಾಯಲ್ಲೂ ಡಿಸಿಐ. ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. 2009ರಲ್ಲಿ ಫೈನಲ್ಸ್ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂಗೆ ಬಂತು. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ, ನಕಲಿ ರೈಫಲ್ ತಿರುಗಿಸುವ ಕಲರ್ ಗಾರ್ಡ್, ಮುಂದುಗಡೆ ಮರಿಂಬಾ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ), ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಇಟ್ಟುಕೊಂಡ ಫ್ರಂಟ್ ಎನ್ಸೆಂಬಲ್. ನೂರಕ್ಕಿಂತ ಜಾಸ್ತಿ ಹುಡುಗ ಹುಡುಗಿಯರು ಅಮೆರಿಕನ್ ಫುಟ್ಬಾಲ್ ಮೈದಾನದ ತುಂಬಾ ಓಡಾಡುತ್ತಾ ಬಾರಿಸುತ್ತಾರೆ. ಒಟ್ಟು 100 ಅಂಕ. ಅದರಲ್ಲಿ 40 ಒಟ್ಟಾರೆ ಪರಿಣಾಮಕ್ಕೆ, 30 ನೋಟಕ್ಕೆ, 30 ಸಂಗೀತಕ್ಕೆ. ಈ ಅಂಕದ ವಿಷಯ ಮುಂದೆ ಬರುತ್ತೆ, ನೆನಪಿರಲಿ.

ಈಗ ಸ್ಕ್ರೀನ್ ನೋಡಿ. ಇದು ಪಾರ್ಕಿಂಗ್ ಲಾಟ್‌ನಲ್ಲಿ ನಡೆಯುವ ಪ್ರಾಕ್ಟೀಸ್. ಆ ಕಪ್ಪು ಸ್ಪೀಕರ್ ಕಾಣುತ್ತಿದೆಯಾ? ಟಕ್ ಟಕ್ ಅಂತ ಮೆಟ್ರೋನೋಮ್ ಬರುತ್ತಿರುವುದು ಅದರಿಂದಲೇ. ಅದನ್ನು ಎಲ್ಲಿಟ್ಟಿದ್ದಾರೆ ಗಮನಿಸಿ. ಮಕ್ಕಳ ಮುಂದೆ ಅಲ್ಲ, ಎಲ್ಲರ ಬೆನ್ನ ಹಿಂದೆ. ಸುಮ್ನೆ ಇಟ್ಟಿದ್ದಲ್ಲ.

ಶಬ್ದ ನಿಧಾನ. ಒಂದು ಸೆಕೆಂಡಿಗೆ ಸುಮಾರು 343 ಮೀಟರ್. ಫುಟ್ಬಾಲ್ ಮೈದಾನದ ಅಗಲ ಹೆಚ್ಚುಕಡಿಮೆ 49 ಮೀಟರ್. ಅಂದರೆ ಹಿಂದಿನ ಗೆರೆಯಿಂದ ಮುಂದಿನ ಗೆರೆಗೆ ಶಬ್ದ ತಲುಪಲು 0.14 ಸೆಕೆಂಡ್ ಬೇಕು. ಇಷ್ಟೇನಾ ಅನ್ನಿಸಬಹುದು. ಹೌಸ್ ಮ್ಯೂಸಿಕ್ಕಿನ ವೇಗ ನಿಮಿಷಕ್ಕೆ 128 ಬೀಟ್ ಅಂದುಕೊಳ್ಳಿ. ಒಂದೊಂದು ಬೀಟಿಗೂ 0.47 ಸೆಕೆಂಡ್. ಈಗ ಮುಂದಿರುವ ದೊಡ್ಡ ಸ್ಪೀಕರಿನಿಂದ ಸಿಂಥ್ ಕಿಕ್, ಅಂದರೆ ಧಮ್ ಅನ್ನುವ ತಗ್ಗಿನ ಪೆಟ್ಟು, ಹೊಡೆಯಿತು ಅಂತ ಇಟ್ಟುಕೊಳ್ಳಿ. ಹಿಂದಿರುವ ಟ್ರಂಪೆಟ್ ಹುಡುಗನಿಗೆ ಅದು 0.14 ಸೆಕೆಂಡ್ ತಡವಾಗಿ ಕೇಳುತ್ತೆ. ಅವನು ಕಿವಿ ನಂಬಿ ಊದಿದರೆ, ಆ ಶಬ್ದ ವಾಪಸ್ ಪ್ರೇಕ್ಷಕರ ಕಡೆ ಬರಲು ಇನ್ನೊಂದು 0.14. ಒಟ್ಟು 0.28. ಅರ್ಧ ಬೀಟಿಗಿಂತ ಜಾಸ್ತಿ! ಕಿಕ್ ಒಂದು ಕಡೆ, ಟ್ರಂಪೆಟ್ ಇನ್ನೊಂದು ಕಡೆ. ಪೂರಾ ಗಲೀಜು.

ಅದಕ್ಕೇ ಸ್ಪೀಕರ್ ಹಿಂದೆ. ಹಿಂದಿನ ಶಬ್ದ ಮುಂದೆ ಬರುವಾಗ ದಾರಿಯಲ್ಲಿ ಒಬ್ಬೊಬ್ಬರನ್ನೂ ಜೊತೆಗೆ ಸೇರಿಸಿಕೊಂಡು ಬರುತ್ತೆ. ಸ್ಪರ್ಧೆಯ ದಿನ ಮೆಟ್ರೋನೋಮ್ ಇರಲ್ಲ. ಹಿಂದಿನ ಕಡೆ ಇರುವ ಡ್ರಮ್ ಬಾರಿಸುವವರ ಸಾಲು, ಅಂದರೆ ಡ್ರಮ್‌ಲೈನೇ ಗಡಿಯಾರ. ಫ್ರಂಟ್ ಎನ್ಸೆಂಬಲ್ ಹಿಂದಕ್ಕೆ ಕಿವಿ ಕೊಡುತ್ತೆ, ಉಳಿದವರು ಮುಂದೆ ನಿಂತು ಕೈಯಲ್ಲಿ ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡುತ್ತಾರೆ. ಬೇರೆ ಸಂಗೀತದಲ್ಲಿ ತಾಳ ಚೂರು ಆಚೀಚೆ ಆದರೂ ಮಧುರವಾದ ಸ್ವರ ಅದನ್ನು ಮುಚ್ಚಿಹಾಕುತ್ತೆ. ಇಡಿಎಂನಲ್ಲಿ ಮುಚ್ಚಿಹಾಕಲು ಏನೂ ಇಲ್ಲ. ಧಮ್ ಧಮ್ ಧಮ್ ಧಮ್, ಅಷ್ಟೇ. ತಪ್ಪಿದರೆ ಕೊನೇ ಸಾಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ ಕೂತವರಿಗೂ ಗೊತ್ತಾಗುತ್ತೆ.

ಆದ್ದರಿಂದ ನನ್ನ ಮೊದಲ ಮಾತು: ಕಿಕ್ ಕೆಲಸವನ್ನು ಸಿಂಥ್‌ಗೆ ಕೊಡಲೇಬಾರದು. ಬಾಸ್ ಡ್ರಮ್ ಮಕ್ಕಳಿಗೇ ಕೊಡಬೇಕು. ಅಳಿಯನಿಗೆ ಇದು ಭಾರೀ ಖುಷಿ ಕೊಟ್ಟ ಮಾತು, ಹೇಳಲೇಬೇಕಾಗಿಲ್ಲ.

ಹಾಗಂತ ಸಿಂಥ್ ಬೇಡ ಅನ್ನುತ್ತಿಲ್ಲ. ಡಿಸಿಐನಲ್ಲಿ 2004ರಿಂದ ಮೈಕು, ಆಂಪ್ಲಿಫೈಯರ್‌ಗೆ ಅವಕಾಶ ಬಂತು. 2009ರಿಂದ ಎಲೆಕ್ಟ್ರಾನಿಕ್ ವಾದ್ಯಗಳಿಗೂ ಬಂತು. ಹಳೇ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ. ಅವರ ದೂರಿನಲ್ಲಿ ಅರ್ಧ ನಿಜ ಇದೆ. ಎಷ್ಟೋ ತಂಡಗಳು ಸಿಂಥ್ ಬಳಸುವುದು ಕೆಳಗಿನಿಂದ ಒಂದು ಗುಂಯ್ ಅನ್ನುವ ಶಬ್ದ ತುಂಬಲಿಕ್ಕೆ ಮಾತ್ರ. ಟ್ಯೂಬಾ, ಅಂದರೆ ತಗ್ಗಿನ ಸ್ವರದ ದೊಡ್ಡ ಹಿತ್ತಾಳೆ ವಾದ್ಯ, ಊದುವ ಮಕ್ಕಳು ಬೆವರು ಸುರಿಸಿದ್ದೆಲ್ಲ ಅದರಡಿ ಮುಳುಗಿಹೋಗುತ್ತೆ. ನನಗೂ ಅದು ಇಷ್ಟವಿಲ್ಲ.

ಸರಿಯಾಗಿ ಬಳಸಿದ್ದಕ್ಕೆ ಉದಾಹರಣೆ ಬೇಕಾದರೆ ಒಹಾಯೋದ ಕ್ಯಾಂಟನ್ ಊರಿನ ಬ್ಲೂಕೋಟ್ಸ್ ತಂಡದ 2014ರ ಶೋ ನೋಡಿ. ಹೆಸರು 'ಟಿಲ್ಟ್'. ಅದರಲ್ಲಿ ಇಡೀ ತಂಡದ ಸ್ವರವೇ ಕೆಳಕ್ಕೆ ಬಾಗಿ ಜಾರುತ್ತೆ. ಯಾರೋ ತಿರುಗುವ ರೆಕಾರ್ಡ್ ಮೇಲೆ ಬೆರಳಿಟ್ಟ ಹಾಗೆ. ಎಲ್ಲಿಯವರೆಗೆ ಹಿತ್ತಾಳೆ, ಎಲ್ಲಿಂದ ಸಿಂಥ್ ಅಂತ ಗೊತ್ತೇ ಆಗಲ್ಲ. ಆ ವರ್ಷ ಅವರಿಗೆ ಸಿಕ್ಕಿದ್ದು ಎರಡನೇ ಸ್ಥಾನ. ಮೊದಲನೆಯದು ಬ್ಲೂ ಡೆವಿಲ್ಸ್‌ಗೆ. ಆದರೂ ಜನ ಆ ಜಾರುವ ಸ್ವರವನ್ನು ಇನ್ನೂ ಮರೆತಿಲ್ಲ.

ಇನ್ನೊಂದು ಹೆಸರು, ಜರ್ಮನಿಯ ಹ್ಯಾಂಬರ್ಗ್‌ನ ಮೊಯ್ಟೆ. 2015ರಲ್ಲಿ ಶುರುವಾದ ಟೆಕ್ನೋ ಮಾರ್ಚಿಂಗ್ ಬ್ಯಾಂಡ್. ಟೆಕ್ನೋ ಕೂಡ ಇಡಿಎಂನ ಒಂದು ಬಗೆ. ಕೆಂಪು ಕೋಟು, ಹಿತ್ತಾಳೆ ವಾದ್ಯ, ಡ್ರಮ್ಮು. ಲ್ಯಾಪ್‌ಟಾಪ್ ಇಲ್ಲ. ಬೀದಿಯಲ್ಲಿ ನಿಂತು ಟೆಕ್ನೋ ಬಾರಿಸಿ ಜನರನ್ನು ಕುಣಿಸುತ್ತಾರೆ. ಅಲ್ಲಿಗೆ ಊದುವ ವಾದ್ಯಕ್ಕೆ ಈ ಸಂಗೀತ ಒಗ್ಗುತ್ತಾ ಅನ್ನುವ ಅನುಮಾನ ಮುಗಿಯಿತು. ಆದರೆ ಅವರು ಪಕ್ಕಪಕ್ಕದಲ್ಲೇ ನಿಂತಿರುತ್ತಾರೆ, ತಡವಾಗುವ ತೊಂದರೆ ಇಲ್ಲ. ಮೇಲೆ ಕೂತು ಅಂಕ ಹಾಕುವವರೂ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಡಿಎಂನ ಜೀವ ಇರುವುದು ಶಬ್ದವನ್ನು ತಿದ್ದುವುದರಲ್ಲಿ. ಬಿಲ್ಡ್‌ಅಪ್, ಅಂದರೆ ಹಾಡು ಏರುತ್ತಾ ಹೋಗುವ ಭಾಗ, ಬರುವಾಗ ಏನಾಗುತ್ತೆ? ಮೊದಲು ಎಲ್ಲಾ ಮಂಕಾಗಿ, ಪಕ್ಕದ ರೂಮಿನಿಂದ ಬಂದ ಹಾಗೆ ಕೇಳುತ್ತೆ. ಆಮೇಲೆ ನಿಧಾನಕ್ಕೆ ತೆರೆದುಕೊಳ್ಳುತ್ತೆ. ನಾವು ಅದಕ್ಕೆ ಲೋ ಪಾಸ್ ಫಿಲ್ಟರ್ ಹಾಕುತ್ತೇವೆ. ಎತ್ತರದ ಕಂಪನಗಳನ್ನು ತಡೆದು, ತಗ್ಗಿನವನ್ನು ಬಿಡುವುದು. ಮೌಸ್‌ನಲ್ಲಿ ಒಂದು ಗುಂಡಿ ತಿರುಗಿಸಿದರೆ ಆಯ್ತು.

ಮೈದಾನದಲ್ಲಿ? ಟ್ರಂಪೆಟ್ ಊದುವವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ! ಹಿತ್ತಾಳೆ ವಾದ್ಯದ ಎತ್ತರದ ಕಂಪನಗಳು ಅದರ ಬಾಯಿ ಯಾವ ಕಡೆ ಇದೆಯೋ ಆ ಕಡೆಗೇ ಹೋಗುತ್ತವೆ. ತಗ್ಗಿನವು ಸುತ್ತಲೂ ಹರಡುತ್ತವೆ. ಬೆನ್ನು ತೋರಿಸಿ ಊದಿದರೆ ಪ್ರೇಕ್ಷಕರಿಗೆ ಕೇಳುವುದು ಮಂಕು ಶಬ್ದ. ಸಾಲು ಸಾಲಾಗಿ ತಿರುಗುತ್ತಾ ಬಂದರೆ ಫಿಲ್ಟರ್ ತೆರೆದುಕೊಂಡ ಹಾಗೆ. ಡ್ರಾಪ್, ಅಂದರೆ ಬೀಟ್ ಪೂರ್ತಿ ಜೋರಾಗಿ ಬೀಳುವ ಘಟ್ಟ, ಬಂದ ಕ್ಷಣಕ್ಕೆ ಎಲ್ಲರೂ ಮುಂದೆ. ಶಬ್ದವೂ ತಿರುಗಿತು, ನೋಟವೂ ತಿರುಗಿತು. ಬೆನ್ನು ತಿರುಗಿಸಿ ಊದುವುದನ್ನು ಈ ತಂಡಗಳು ಹಿಂದಿನಿಂದಲೂ ಮಾಡುತ್ತಿವೆ. ಕಂಪ್ಯೂಟರ್ ಮಾಡುವುದನ್ನು ಮೈಯಿಂದಲೇ ಮಾಡಿ ತೋರಿಸಿದರೆ ಇಡಿಎಂ ಇಲ್ಲಿ ಒಗ್ಗುತ್ತೆ. ಬರೀ ಸ್ಪೀಕರ್ ಹಾಕಿ ಮುಂದೆ ಹೆಜ್ಜೆ ಹಾಕಿಸುವುದಾದರೆ ಯಾಕೆ ಬೇಕು ಹೇಳಿ?

ಇಲ್ಲಿ ಡಬ್ಲ್ಯುಜಿಐ ಅನ್ನುವ ಇನ್ನೊಂದು ಸಂಸ್ಥೆ ನಡೆಸುವ ವಿಂಟರ್ ಗಾರ್ಡ್, ಅಂದರೆ ಬರೀ ಕಲರ್ ಗಾರ್ಡ್‌ಗಳ ಸ್ಪರ್ಧೆ, ಬೇರೆ. ಅಲ್ಲಿ ಜಿಮ್ ಒಳಗೆ ರೆಕಾರ್ಡ್ ಹಾಡಿಗೇ ಬಾವುಟ ತಿರುಗಿಸುವುದು. ಇಡಿಎಂ ಹಾಕಿದರೆ ಮುಗಿಯಿತು, ಚರ್ಚೆಯೇ ಇಲ್ಲ.

ನಿಜವಾದ ತಲೆನೋವು ಅಂಕದ್ದು. ಟೆಕ್ನೋ ಒಂದೇ ಲೂಪನ್ನು ಐದು ನಿಮಿಷ ತಿರುಗಿಸುತ್ತೆ, ಅದೇ ಅದರ ಮಜಾ. ಡ್ರಮ್ ಕೋರ್ ಶೋ ಇರುವುದೇ ಹನ್ನೆರಡು ನಿಮಿಷದೊಳಗೆ. ಹೇಳಿದ್ದನ್ನೇ ಹೇಳಿದರೆ ಜಡ್ಜ್ ಪೆನ್ನು ಕೆಳಗಿಡುತ್ತಾರೆ. ನನ್ನ ಪ್ರಕಾರ ಲೂಪ್ ಬದಲಾಯಿಸಬೇಡಿ, ಮೈದಾನ ಬದಲಾಯಿಸಿ. ಸಂಗೀತ ಅಲ್ಲೇ ನಿಂತಿರಲಿ, ಆಕಾರಗಳು ಪ್ರತಿ ಸುತ್ತಿಗೂ ಹೊಸದಾಗಲಿ. ಡೊಳ್ಳು ಕುಣಿತ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಪೆಟ್ಟು ಅದೇ ಇದ್ದರೂ ಸುತ್ತು ಬದಲಾಗುತ್ತಲೇ ಇರುತ್ತೆ.

ಮತ್ತೆ, ಹೌಸ್ ಮಾಡುವವನಾಗಿ ಹೇಳಲು ಬೇಜಾರು, ಆದರೆ ಮೈದಾನಕ್ಕೆ ಹೌಸ್‌ಗಿಂತ ಡ್ರಮ್ ಆಂಡ್ ಬೇಸ್ ಅನ್ನುವ ಇಡಿಎಂ ಬಗೆ ವಾಸಿ. ಅದರ ವೇಗ ನಿಮಿಷಕ್ಕೆ 174ರ ಆಸುಪಾಸು. ಈ ಮಕ್ಕಳು 180ಕ್ಕೂ ಓಡುತ್ತಾ ಬಾರಿಸುವವರು. ಸ್ನೇರ್, ಅಂದರೆ ಚುರುಕು ಶಬ್ದದ ಚಿಕ್ಕ ಡ್ರಮ್, ಬಾರಿಸುವವರಿಗೆ ಕೈತುಂಬಾ ಕೆಲಸ. ಬಾಸ್ ಡ್ರಮ್‌ನಲ್ಲಿ ಐದು ಜನ, ಐದು ಅಳತೆ, ಒಬ್ಬೊಬ್ಬರಿಗೆ ಒಂದೊಂದು ಪೆಟ್ಟು. ಅದನ್ನು ಹಂಚಿಕೊಂಡು ಉರುಳಿಸಿದರೆ ಬೇಸ್‌ಲೈನ್ ಎಡದಿಂದ ಬಲಕ್ಕೆ ನಡೆದುಹೋಗುವುದು ಕಣ್ಣಿಗೇ ಕಾಣುತ್ತೆ. ಯಾವ ಕ್ಲಬ್ಬಿನ ಸ್ಪೀಕರ್ ಇದನ್ನು ಮಾಡುತ್ತೆ?

ಇಷ್ಟೆಲ್ಲ ಹೇಳಿ ಇನ್ನೊಂದು ಐಡಿಯಾ ಕೊಟ್ಟೆ. ಸೈಡ್‌ಚೈನ್, ಇಡಿಎಂನ ಇನ್ನೊಂದು ಉಪಾಯ. ಕಿಕ್ ಹೊಡೆದಾಗಲೆಲ್ಲ ಉಳಿದ ಶಬ್ದ ತಗ್ಗಿ, ಮತ್ತೆ ಉಬ್ಬುತ್ತೆ. ಟ್ಯೂಬಾದವರು ಪ್ರತಿ ಪೆಟ್ಟಿಗೂ ತಗ್ಗಿ, ಮತ್ತೆ ಜೋರಾಗಿ ಊದಲಿ ಅಂದೆ. ಅಳಿಯ ನನ್ನನ್ನೇ ನೋಡಿದ.

"ಮಾವ, ಅವ್ರು ಉಸಿರು ಯಾವಾಗ ತಗೊಳ್ಳೋದು?"

ಹೆಗಲ ಮೇಲೆ ಹತ್ತು ಕಿಲೋಗಿಂತ ಜಾಸ್ತಿ ತೂಕ, ಕೆಳಗೆ ಓಡುವ ಕಾಲು. ಲ್ಯಾಪ್‌ಟಾಪಿಗೆ ಈ ಚಿಂತೆ ಇಲ್ಲ. ಕೊನೆಗೆ ಅವನೇ ದಾರಿ ಹುಡುಕಿದ. ಟ್ಯೂಬಾದವರನ್ನು ಎರಡು ಗುಂಪು ಮಾಡುವುದು, ಎರಡೆರಡು ಬಾರ್ (ತಾಳದ ಆವರ್ತ) ಸರದಿ. ಒಂದು ಗುಂಪು ಊದುವಾಗ ಇನ್ನೊಂದಕ್ಕೆ ಉಸಿರು. ಕಾಗದದ ಮೇಲೆ ಚೆನ್ನಾಗಿದೆ. ಅವನ ಬ್ಯಾಂಡಿನ ಟ್ಯೂಬಾ ಹುಡುಗಿ ಏನನ್ನುತ್ತಾಳೋ, ಸೋಮವಾರ ಪ್ರಾಕ್ಟೀಸಿನಲ್ಲಿ ಕೇಳಿಕೊಂಡು ಬರುತ್ತಾನಂತೆ.