ತಾರೀಖು ಮೀರಿದ ರೀಲು

ಕೇಳುಗರೆಲ್ಲರಿಗೂ ನಮಸ್ಕಾರ.

2018ರ ಫೆಬ್ರವರಿಯಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಒಂದು ಬೆಳಿಗ್ಗೆ, ವಿಂಧ್ಯಗಿರಿಯ ಮೆಟ್ಟಿಲು ಹತ್ತುತ್ತಿದ್ದ ನನ್ನ ಹೆಗಲ ಚೀಲದಲ್ಲಿ ಕ್ಯಾಮೆರಾದ ನಾಲ್ಕು ಬಣ್ಣದ ಫಿಲಂ ರೀಲುಗಳಿದ್ದವು. ನಾಲ್ಕನ್ನೂ ನಾನು ಕೊಂಡದ್ದು ಹನ್ನೆರಡು ವರ್ಷಗಳ ಹಿಂದೆ, 2006ರ ಮಸ್ತಕಾಭಿಷೇಕಕ್ಕೆಂದು. ಆ ಸಲ ಖರ್ಚಾಗದೆ ಉಳಿದದ್ದು ಒಟ್ಟು ಐದು ರೀಲು. ಅವುಗಳಲ್ಲಿ ಎರಡು ಹಾಸನದ ನನ್ನ ಸ್ಟುಡಿಯೋದ ಗಾಜಿನ ಷೋಕೇಸಿನಲ್ಲಿ, ಮಧ್ಯಾಹ್ನದ ನಂತರ ಪಡುವಣ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಹಾಗೆಯೇ ಉಳಿದುಬಿಟ್ಟಿದ್ದವು. ಇನ್ನು ಮೂರನ್ನು ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೆ. ಐದರ ಮೇಲೂ ಅಚ್ಚಾಗಿದ್ದ ಅವಧಿ ಒಂದೇ, 2008. ಷೋಕೇಸಿನ ಎರಡನ್ನೂ ಫ್ರಿಜ್ಜಿನ ಎರಡನ್ನೂ ಅಂದು ಜೊತೆಗೆ ಒಯ್ದಿದ್ದೆ.

ಫಿಲಂ ಬೆಳಕನ್ನು ಗ್ರಹಿಸುವ ಶಕ್ತಿಯನ್ನು ನಾವು ವೇಗ ಎನ್ನುತ್ತೇವೆ. 200 ವೇಗದ ಆ ರೀಲುಗಳನ್ನು 100 ಎಂದೇ ಭಾವಿಸಿ, ಎರಡರಷ್ಟು ಬೆಳಕು ಕೊಟ್ಟು, ಒಂದೇ ಕ್ಯಾಮೆರಾದಲ್ಲಿ, ಒಂದಾದ ಮೇಲೊಂದರಂತೆ ಹಾಕಿ ತೆಗೆದೆ. ತೊಳೆಸಿ ತಂದ ನೆಗೆಟಿವ್‌ಗಳನ್ನು ಲೈಟ್ ಬಾಕ್ಸಿನ ಮೇಲೆ ಅಕ್ಕಪಕ್ಕ ಹರಡಿದಾಗ, ಅವು ಒಂದೇ ಕಾರ್ಖಾನೆಯಿಂದ ಬಂದವೆಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ಪ್ರಿಂಟು ಹಾಕಿ ನೋಡಿದರೆ, ಫ್ರಿಜ್ಜಿನ ರೀಲಿನಲ್ಲಿ ಗೊಮ್ಮಟನ ಹೆಗಲಿನಿಂದ ಇಳಿಯುವ ಹಾಲು ಹಾಲಿನಂತೆಯೇ ಇತ್ತು, ಅದರ ಹಿಂದೆ ಬಂದ ಅರಿಸಿನದ ನೀರು ಅರಿಸಿನದಂತೆಯೇ ಇತ್ತು. ಷೋಕೇಸಿನ ರೀಲಿನಲ್ಲಿ ಬೆಳಕಿದ್ದ ಕಡೆ ಹಾಲಿಗೆ ತೆಳುವಾದ ಹಸಿರು ಹತ್ತಿತ್ತು, ನೆರಳಿದ್ದ ಕಡೆ ಅದೇ ಹಾಲು ಕಂದುಗೆಂಪಾಗಿತ್ತು. ಮೂರ್ತಿಯ ಮಂಡಿಯ ಹಿಂದಿನ ನೆರಳಿನಲ್ಲಿ ಕಲ್ಲಿನ ವಿವರವೇ ಇರಲಿಲ್ಲ, ರಾಡಿಯಂತಹ ಬೂದು ಮಾತ್ರ ಇತ್ತು. ಹಸಿರನ್ನು ತೆಗೆಯಲು ಹೋದರೆ ಕೆಂಪು ಏರುತ್ತಿತ್ತು, ಕೆಂಪನ್ನು ತಗ್ಗಿಸಿದರೆ ಹಸಿರು ಮೇಲೆ ಬರುತ್ತಿತ್ತು. ಅವಧಿ ಮೀರಿದ ರೀಲನ್ನು ಬಳಸಬಹುದೇ ಎಂದು ನನ್ನನ್ನು ಕೇಳುವ ಹುಡುಗರಿಗೆ ನಾನು ಈ ಎರಡು ನೆಗೆಟಿವ್ ಪಟ್ಟಿಗಳನ್ನು ತೋರಿಸುತ್ತೇನೆ. ತಾರೀಖು ಎಷ್ಟೆಂದು ಆಮೇಲೆ ನೋಡೋಣ, ಇಷ್ಟು ವರ್ಷ ರೀಲು ಎಲ್ಲಿತ್ತು ಎನ್ನುವುದನ್ನು ಮೊದಲು ಹೇಳಿ ಎನ್ನುತ್ತೇನೆ.

ಫಿಲಂ ಎಂದರೆ ಪಾರದರ್ಶಕವಾದ ಪಟ್ಟಿಯೊಂದರ ಮೇಲೆ ಜೆಲಾಟಿನ್ ಎಂಬ ಅಂಟಿನಲ್ಲಿ ಕೂಡಿಸಿದ ಬೆಳ್ಳಿಯ ಲವಣದ ಸಣ್ಣ ಹರಳುಗಳು. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಸೇರುತ್ತವೆ, ಫಿಲಂ ತೊಳೆಯುವ ದ್ರವವಾದ ಡೆವಲಪರ್ ಅಂತಹ ಹರಳನ್ನು ಗುರುತು ಹಿಡಿದು ಇಡಿಯಾಗಿ ಕಪ್ಪಾಗಿಸುತ್ತದೆ. ತೊಂದರೆ ಏನೆಂದರೆ ಈ ಕೆಲಸಕ್ಕೆ ಬೆಳಕೇ ಬೇಕೆಂದಿಲ್ಲ. ಬಿಸಿಯೂ ನಿಧಾನವಾಗಿ, ವರ್ಷಗಟ್ಟಲೆ ಕಾಲ ತೆಗೆದುಕೊಂಡು, ಅದನ್ನೇ ಮಾಡುತ್ತದೆ. ಬೆಳಕನ್ನೇ ಕಾಣದ ಹರಳುಗಳೂ ಬೆಳಕು ಕಂಡವರಂತೆ ಕಪ್ಪಾಗಿ ಇಡೀ ನೆಗೆಟಿವ್ ಮಸುಕಾಗುವುದನ್ನು ನಮ್ಮ ಕಸುಬಿನವರು ಫಾಗ್ ಎನ್ನುತ್ತಾರೆ. ಇದರ ಜೊತೆಗೆ ಹರಳುಗಳ ಸೂಕ್ಷ್ಮತೆಯೂ ಕುಂದುತ್ತಾ ಹೋಗುತ್ತದೆ. ಬಣ್ಣದ ಫಿಲಂನಲ್ಲಿ ಕೆಂಪು, ಹಸಿರು, ನೀಲಿಗೆಂದು ಬೇರೆ ಬೇರೆ ಪದರಗಳಿದ್ದು, ಅವು ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲವಾದ್ದರಿಂದ ಬಣ್ಣಗಳ ನಡುವಿನ ಹೊಂದಾಣಿಕೆ ತಪ್ಪುತ್ತದೆ. ಗೊಮ್ಮಟನ ಮೇಲಿನ ಹಾಲು ಎರಡು ಬಣ್ಣವಾದದ್ದು ಹೀಗೆ. ಕಪ್ಪುಬಿಳುಪಿನ ಫಿಲಂಗೆ ಈ ತಾಪತ್ರಯವಿಲ್ಲ, ಅದು ಹೆಚ್ಚು ಕಾಲ ಬಾಳುತ್ತದೆ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ‘ಇಂದು’ ರೀಲು ಯಾರ ಮನೆಯಲ್ಲಾದರೂ ಇನ್ನೂ ಉಳಿದಿದ್ದರೆ ದಯವಿಟ್ಟು ಕಸಕ್ಕೆ ಹಾಕಬೇಡಿ.

ಡಬ್ಬಿಯ ಮೇಲಿನ ತಾರೀಖು ತಯಾರಕರು ಕೊಡುವ ಒಂದು ಭರವಸೆ. ನಾವು ಹೇಳಿದ ಹಾಗೆ ಇಟ್ಟುಕೊಂಡು, ಈ ದಿನದೊಳಗೆ ತೊಳೆಸಿದರೆ ಬಣ್ಣ ಮತ್ತು ವೇಗಕ್ಕೆ ನಾವು ಜವಾಬ್ದಾರರು ಎಂದಷ್ಟೇ ಅದರ ಅರ್ಥ. ಮರುದಿನ ಬೆಳಿಗ್ಗೆ ರೀಲು ಹಳಸುತ್ತದೆ ಎಂದಲ್ಲ. ಹಾಗೆಯೇ, ಹೇಳಿದ ಹಾಗೆ ಇಡದಿದ್ದರೆ ತಾರೀಖಿಗೆ ಮೊದಲೇ ಅದು ಕೆಡಬಹುದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಮರೆತ ಹೊಸ ರೀಲಿಗಿಂತ ಫ್ರಿಜ್ಜಿನಲ್ಲಿದ್ದ ಹಳೆಯ ರೀಲು ಮೇಲು.

ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಬಿಸಿಗಿಂತ ದೊಡ್ಡ ಶತ್ರು ತೇವ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಜೆಲಾಟಿನ್ ಎನ್ನುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದದ್ದು, ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಊಟ ಸಿಕ್ಕುವುದಿಲ್ಲ. ಕಾಗದದ ಬೆನ್ನಿರುವ 120 ಅಳತೆಯ ರೀಲಿನ ಪಾಡು ಇನ್ನೂ ಕಷ್ಟ: ತೇವ ಹೊಕ್ಕರೆ ಆ ಕಾಗದದ ಮೇಲೆ ಅಚ್ಚಾದ ಅಂಕಿಗಳೂ ಚುಕ್ಕೆಗಳೂ ಚಿತ್ರದ ಆಕಾಶದಲ್ಲಿ ಮೂಡಿಬಿಡುತ್ತವೆ. 35 ಮಿಲಿಮೀಟರ್ ರೀಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಮಾತ್ರ ನಿಜವಾದ ಆಪದ್ಬಾಂಧವ. ಖಾಲಿಯಾದ ಮೇಲೆ ನಮ್ಮ ಹೆಂಗಸರು ಅದರಲ್ಲಿ ಕುಂಕುಮ ತುಂಬಿಡುತ್ತಿದ್ದುದು ಹಲವರಿಗೆ ನೆನಪಿರಬಹುದು. ಮಳೆಗಾಲ ಮುಗಿಯುವವರೆಗೂ ಆ ಕುಂಕುಮ ಗಂಟು ಕಟ್ಟುತ್ತಿರಲಿಲ್ಲ. ಆದ್ದರಿಂದ ಬಳಸುವ ದಿನದವರೆಗೆ ಡಬ್ಬಿಯ ಮುಚ್ಚಳವನ್ನು ತೆಗೆಯಲೇಬಾರದು.

ಕೆಲವು ತಿಂಗಳ ಮಟ್ಟಿಗಾದರೆ ಫ್ರಿಜ್ಜಿನ ಕೆಳಗಿನ ಅರೆ ಸಾಕು. ವರ್ಷಗಟ್ಟಲೆ ಇಡುವುದಾದರೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುವ ಫ್ರೀಜರ್ ಒಳ್ಳೆಯದು. ಡಬ್ಬಿಗಳನ್ನು ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ, ಗಾಳಿಯನ್ನು ಒತ್ತಿ ತೆಗೆದು, ಮತ್ತೊಂದು ಕವರಿನೊಳಗೆ ಇಡಬೇಕು. ಮಲೆನಾಡಿನಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವುದು ವಾಡಿಕೆಯಾದ್ದರಿಂದ ಈ ಎರಡನೆಯ ಕವರು ಅತಿ ಎಚ್ಚರಿಕೆಯೇನೂ ಅಲ್ಲ. ಪೋಲರಾಯ್ಡ್, ಇನ್‌ಸ್ಟಾಕ್ಸ್‌ನಂತಹ ತಕ್ಷಣದ ಫಿಲಂಗಳನ್ನು ಮಾತ್ರ ಫ್ರೀಜರಿಗೆ ಹಾಕಬಾರದು, ಅವುಗಳೊಳಗಿನ ರಸಾಯನದ ಚೀಲಗಳು ಹೆಪ್ಪುಗಟ್ಟಿ ಹಾಳಾಗುತ್ತವೆ.

ಹೊರತೆಗೆಯುವಾಗ ಅವಸರ ಮಾಡುವವರೇ ಹೆಚ್ಚು. ತಣ್ಣನೆಯ ರೀಲಿನ ಡಬ್ಬಿಯನ್ನು ಕೂಡಲೇ ತೆರೆದರೆ, ಫ್ರಿಜ್ಜಿನಿಂದ ತೆಗೆದ ಸ್ಟೀಲಿನ ಲೋಟ ಬೆವರುವಂತೆ ಫಿಲಂ ಸಹ ಬೆವರುತ್ತದೆ. ಫ್ರಿಜ್ಜಿನಿಂದ ತೆಗೆದದ್ದಕ್ಕೆ ಒಂದೂವರೆ ಗಂಟೆಯಾದರೂ ಬಿಡುವು ಬೇಕು. ಫ್ರೀಜರಿನದ್ದನ್ನು ನಾನು ಹಿಂದಿನ ರಾತ್ರಿಯೇ ತೆಗೆದು, ಕವರು ಬಿಚ್ಚದೆ ಮೇಜಿನ ಮೇಲೆ ಇಡುತ್ತೇನೆ. ಇನ್ನು ಫ್ರೀಜರೂ ತಡೆಯಲಾರದ್ದು ಒಂದಿದೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು, ನೆಲದ ಕಲ್ಲುಮಣ್ಣಿನ ಸಹಜ ವಿಕಿರಣ ಇವೆರಡಕ್ಕೂ ಮನೆಯ ಗೋಡೆ ಲೆಕ್ಕಕ್ಕಿಲ್ಲ. ಹೆಚ್ಚು ವೇಗದ ಫಿಲಂ ಇವನ್ನು ಬೇಗ ಗ್ರಹಿಸುವುದರಿಂದ 3200 ವೇಗದ ರೀಲನ್ನು ಕೂಡಿಡುವುದು ದಂಡ.

ಬಳಸುವ ಕ್ರಮಕ್ಕೆ ಬರೋಣ. ಸಾಮಾನ್ಯ ಕೋಣೆಯ ಶಾಖದಲ್ಲಿದ್ದ ಬಣ್ಣದ ನೆಗೆಟಿವ್ ರೀಲಿಗೆ, ಅವಧಿ ಮೀರಿದ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್, ಅಂದರೆ ಎರಡರಷ್ಟು, ಹೆಚ್ಚು ಬೆಳಕು ಕೊಡಬೇಕು ಎನ್ನುವುದು ರೂಢಿಯಲ್ಲಿರುವ ಲೆಕ್ಕ. ಎಂದರೆ 400ರ ರೀಲನ್ನು ಹತ್ತು ವರ್ಷದ ಮೇಲೆ 200 ಎಂದು, ಇಪ್ಪತ್ತು ವರ್ಷದ ಮೇಲೆ 100 ಎಂದು ತಿಳಿಯುವುದು. ಇದು ಅಂದಾಜೇ ಹೊರತು ನಿಯಮವಲ್ಲ. ಆದರೂ ನೆಗೆಟಿವ್ ಫಿಲಂ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲವಾದ್ದರಿಂದ ಹೆಚ್ಚಿನ ಕಡೆಗೆ ತಪ್ಪುವುದೇ ಲೇಸು. ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ಫಿಲಂಗೆ ಈ ಲೆಕ್ಕ ಹೊಂದದು. ಅದರಲ್ಲಿ ವಯಸ್ಸು ಕಪ್ಪನ್ನೇ ತೆಳುವಾಗಿಸುವುದರಿಂದ, ಹೆಚ್ಚು ಬೆಳಕು ಕೊಟ್ಟಷ್ಟೂ ಚಿತ್ರ ಇನ್ನಷ್ಟು ತೊಳೆದುಹೋಗುತ್ತದೆ. ಕಪ್ಪುಬಿಳುಪನ್ನು ಮನೆಯಲ್ಲಿಯೇ ತೊಳೆಯುವವರು ಡೆವಲಪರಿಗೆ ಬೆಂಜೋಟ್ರಯಜೋಲ್ ಎಂಬ ರಸಾಯನವನ್ನು ಸ್ವಲ್ಪ ಸೇರಿಸಿದರೆ ಫಾಗ್ ತಗ್ಗುತ್ತದೆ, ಆದರೆ ವೇಗವೂ ತುಸು ತಗ್ಗುತ್ತದೆ. ಒಂದೇ ಕಂತಿನ ಹಲವು ರೀಲುಗಳು ಕೈಗೆ ಬಂದರೆ ಒಂದನ್ನು ಪರೀಕ್ಷೆಗೆ ಬಲಿ ಕೊಡಬೇಕು. ಅಂಗಳದ ತುಳಸಿಕಟ್ಟೆಯನ್ನು ಬೇರೆ ಬೇರೆ ವೇಗಕ್ಕೆ ತೆಗೆದು, ತೊಳೆಸಿ ನೋಡಿದರೆ ಉಳಿದ ರೀಲುಗಳ ಜಾತಕ ತಿಳಿಯುತ್ತದೆ.

ಈ ಪಾಠವನ್ನು ನಾನು ಕಲಿತದ್ದು ನಾಚಿಕೆಯಾಗುವ ರೀತಿಯಲ್ಲಿ. ಕಸುಬಿನ ಆರಂಭದಲ್ಲಿ, ಅವಧಿ ಮೀರಿ ಮೂರು ವರ್ಷವಾಗಿದ್ದ ರೀಲುಗಳನ್ನು ಅರ್ಧ ಬೆಲೆಗೆ ಸಿಕ್ಕವೆಂದು ಕೊಂಡು, ಹಳ್ಳಿಯೊಂದರ ಮದುವೆಗೆ ಹಾಕಿದೆ. ಧಾರೆಯ ಹೊತ್ತಿನ ಚಿತ್ರಗಳಲ್ಲಿ ಮದುಮಗಳ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹುಡುಗಿಯ ಅಜ್ಜಿ ಆಲ್ಬಮ್ ತಿರುವಿ, “ನಮ್ಮ ಮಗೀಗೆ ಅವತ್ತು ಜ್ವರ ಇತ್ತೇನಪ್ಪಾ?” ಎಂದು ಕೇಳಿದರು. ಆ ಮದುವೆಯ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ. ಮತ್ತೆ ಬಾರದ ಗಳಿಗೆಗೆ ಹಳೆಯ ರೀಲು ಹಾಕಬಾರದೆಂಬುದನ್ನು ಅಂದಿನಿಂದ ಮೀರಿಲ್ಲ. 2018ರಲ್ಲಿ ಸಹ ಎರಡನೆಯ ಕ್ಯಾಮೆರಾದಲ್ಲಿ ಹೊಸ ರೀಲಿತ್ತು.

ತೆಗೆದು, ತೊಳೆಸದೆ ಮರೆತ ರೀಲುಗಳದ್ದು ಬೇರೆಯೇ ಕಥೆ. ಬೆಳಕು ಮೂಡಿಸಿದ ಗುರುತು ಕಾಲಕ್ರಮೇಣ ಮಾಸುತ್ತದೆ, ಅದೇ ಹೊತ್ತಿಗೆ ಫಾಗ್ ಏರುತ್ತದೆ. ಹೀಗಾಗಿ ತೆಗೆದ ರೀಲನ್ನು ಬೇಗ ತೊಳೆಸಬೇಕು. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಅಂತಹ ರೀಲು ಸಿಕ್ಕರೆ ಕೈಬಿಡಬೇಕಾಗಿಲ್ಲ. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಮಡಿದ ಸ್ವೀಡನ್ನಿನ ಆಂಡ್ರೆ ತಂಡದ ಶಿಬಿರ 1930ರಲ್ಲಿ ಹಿಮದ್ವೀಪವೊಂದರಲ್ಲಿ ಪತ್ತೆಯಾಯಿತು. ಅಲ್ಲಿ ದೊರೆತ ಫಿಲಂಗಳನ್ನು ಜಾನ್ ಹರ್ಟ್ಸ್‌ಬರ್ಗ್ ಎಂಬ ತಜ್ಞರು ತೊಳೆದಾಗ, 33 ವರ್ಷಗಳ ನಂತರವೂ 93 ಚಿತ್ರಗಳು ಉಳಿದುಬಂದವು. ನೆಲಕ್ಕೊರಗಿದ ಬಲೂನಿನ ಪಕ್ಕದಲ್ಲಿ ನಿಂತ ಮನುಷ್ಯರು ಅವುಗಳಲ್ಲೊಂದರಲ್ಲಿ ಇಂದಿಗೂ ಕಾಣುತ್ತಾರೆ. ಕಾಪಾಡಿದ್ದು ಅಲ್ಲಿನ ಹಿಮ. ನಮ್ಮ ಕಾಫಿ ಸೀಮೆಯ ಮನೆಗಳಲ್ಲಿ ಇಂತಹ ಪೆಟ್ಟಿಗೆಗಳನ್ನು ಇಡುವುದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ. ಬೂಷ್ಟು ಹಿಡಿಯದು ಎನ್ನುವುದು ನಿಜ, ಆದರೆ ವರ್ಷವೆಲ್ಲ ಬಿಸಿ. ಸಿಕ್ಕ ರೀಲನ್ನು ಮೊದಲು ಅಲ್ಲಿಂದ ಇಳಿಸಿ ತಂಪಿನಲ್ಲಿಡಿ. ತೊಳೆಯುವವರಿಗೆ ಅದರ ವಯಸ್ಸು, ಅದು ಇದ್ದ ಜಾಗ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ.

ನನ್ನ ಐದು ರೀಲುಗಳಲ್ಲಿ ಒಂದು ಫ್ರಿಜ್ಜಿನಲ್ಲಿ ಇನ್ನೂ ಇದೆ. ಹನ್ನೆರಡು ವರ್ಷದ ಲೆಕ್ಕದಂತೆ ಮುಂದಿನ ಮಸ್ತಕಾಭಿಷೇಕ 2030ಕ್ಕೆ ಬರಬೇಕು. ಆಗ ಅದರ ಅವಧಿ ಮೀರಿ 22 ವರ್ಷವಾಗಿರುತ್ತದೆ. ಬೆಟ್ಟ ಹತ್ತುವ ಕಾಲು ನನ್ನದಾಗಿರುತ್ತದೋ ಬೇರೆಯವರದ್ದೋ ಹೇಳಲಾರೆ, ಆದ್ದರಿಂದ ಡಬ್ಬಿಗೆ ಬಿಳಿಯ ಟೇಪು ಸುತ್ತಿ ಬರೆದಿಟ್ಟಿದ್ದೇನೆ: “2006ರಿಂದ ಫ್ರಿಜ್ಜಿನಲ್ಲಿದೆ. 200ರದ್ದು, 80ಕ್ಕೆ ಇಡಿ. ಹಿಂದಿನ ರಾತ್ರಿಯೇ ಹೊರಗೆ ತೆಗೆಯಿರಿ.”

ನಮಸ್ಕಾರ.