ಮುಕ್ತ ಕಾನೂನು ಪತ್ರಿಕೆಯ ಜಮಾ-ಖರ್ಚು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನ ವಿದ್ಯಾರ್ಥಿಗಳು ‘ಇಂಡಿಯನ್ ಜರ್ನಲ್ ಆಫ್ ಲಾ ಅಂಡ್ ಟೆಕ್ನಾಲಜಿ’ ಮತ್ತು ‘ಸೋಶಿಯೋ-ಲೀಗಲ್ ರಿವ್ಯೂ’ ಎಂಬ ಎರಡು ಸಂಶೋಧನಾ ಪತ್ರಿಕೆಗಳನ್ನು ಸಂಪಾದಿಸುತ್ತಾರೆ. ಎರಡೂ 2005ರಲ್ಲಿ ಆರಂಭವಾದವು. ಇವುಗಳ ಲೇಖನಗಳನ್ನು ದಾವಣಗೆರೆಯ ವಕೀಲರಾಗಲಿ, ಕಲಬುರಗಿಯ ಕಾನೂನು ವಿದ್ಯಾರ್ಥಿನಿಯಾಗಲಿ ಚಂದಾ ಕಟ್ಟದೆ ಅಂತರ್ಜಾಲದಲ್ಲಿ ಓದಬಹುದು. ಓದುಗರಿಂದ ಹಣ ಬಾರದಿದ್ದರೆ ಇಂಥ ಪತ್ರಿಕೆಗಳು ನಡೆಯುವುದು ಹೇಗೆ ಎಂಬುದು ಇಂದಿನ ವಿಷಯ.

ವಿಜ್ಞಾನದ ದೊಡ್ಡ ಪ್ರಕಾಶಕರು ಈ ಹೊರೆಯನ್ನು ಲೇಖಕರ ಮೇಲೆ ಹಾಕಿದ್ದಾರೆ. ಮುಕ್ತ ಪ್ರಕಟಣೆಗಾಗಿ ‘ನೇಚರ್’ ಪತ್ರಿಕೆ 2021ರಿಂದ ಜಾರಿಗೆ ತಂದ ಶುಲ್ಕ ಒಂದು ಲೇಖನಕ್ಕೆ 9,500 ಯೂರೋ. ಪ್ರಯೋಗಾಲಯಗಳ ಅನುದಾನದಲ್ಲಿ ಇಂಥ ಶುಲ್ಕಕ್ಕೂ ಒಂದಿಷ್ಟು ಹಣ ಎತ್ತಿಡಬಹುದು. ಆದರೆ ತೀರ್ಪುಗಳನ್ನೂ ಶಾಸನಗಳನ್ನೂ ಓದಿ ಬರೆಯುವ ಕಾನೂನು ಅಧ್ಯಾಪಕರಿಗೆ ಅಂಥ ಅನುದಾನ ಸಿಗುವುದು ಅಪರೂಪ. ಆದ್ದರಿಂದ ಅನೇಕ ಕಾನೂನು ಪತ್ರಿಕೆಗಳು ಓದುಗರಿಂದಲೂ ಲೇಖಕರಿಂದಲೂ ಹಣ ಪಡೆಯದ ‘ಡೈಮಂಡ್’ ಮಾದರಿಯನ್ನು ಹಿಡಿದಿವೆ. ಎಲ್ಲ ವಿಷಯಗಳೂ ಸೇರಿ ಜಗತ್ತಿನಲ್ಲಿ ಇಂಥ ಪತ್ರಿಕೆಗಳು 17,000ದಿಂದ 29,000ದವರೆಗೆ ಇರಬಹುದೆಂದು 2021ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು.

ಪತ್ರಿಕೆ ನಡೆಸುವ ತಂತ್ರಾಂಶಕ್ಕೆ ಹೆಚ್ಚು ಖರ್ಚಿಲ್ಲ. ಕೆನಡಾದಲ್ಲಿ ರೂಪುಗೊಂಡ ‘ಓಪನ್ ಜರ್ನಲ್ ಸಿಸ್ಟಮ್ಸ್’ ಉಚಿತವಾಗಿಯೇ ಸಿಗುತ್ತದೆ. ನಿಜವಾದ ಬೆಲೆ ಇರುವುದು ದುಡಿಮೆಗೆ. ಲೇಖನವೊಂದರಲ್ಲಿ ‘ಕೇಶವಾನಂದ ಭಾರತಿ, (1973) 4 ಎಸ್‌ಸಿಸಿ 225’ ಎಂಬ ಅಡಿಟಿಪ್ಪಣಿ ಇದೆ ಎನ್ನೋಣ. ಅಂದರೆ, ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ‘ಸುಪ್ರೀಂ ಕೋರ್ಟ್ ಕೇಸಸ್’ ಎಂಬ ತೀರ್ಪುಗಳ ಸಂಗ್ರಹದ 1973ರ 4ನೇ ಸಂಪುಟದ 225ನೇ ಪುಟದಲ್ಲಿ ಆರಂಭವಾಗುತ್ತದೆ. ಸಂಪಾದಕ ಬಳಗದ ವಿದ್ಯಾರ್ಥಿ ಆ ಸಂಪುಟವನ್ನು ತೆರೆದು, ವರ್ಷ ಮತ್ತು ಪುಟ ಸರಿಯಿವೆಯೇ ಎಂದು ನೋಡಬೇಕು. ಲೇಖಕರು ಎತ್ತಿಕೊಟ್ಟ ಸಾಲು ತೀರ್ಪಿನಲ್ಲಿ ಇದೆಯೇ, ಇದ್ದರೆ ಅದು ಬಹುಮತದ ಕಡೆಯವರದೋ ಭಿನ್ನಮತದವರದೋ ಎಂದು ಖಚಿತಪಡಿಸಿಕೊಳ್ಳಬೇಕು. 13 ನ್ಯಾಯಮೂರ್ತಿಗಳ ಪೀಠ 11 ಪ್ರತ್ಯೇಕ ತೀರ್ಪುಗಳನ್ನು ಬರೆದ ಆ ಪ್ರಕರಣದಲ್ಲಿ ಇದು ಸುಲಭದ ಕೆಲಸವಲ್ಲ. ಕಾನೂನಿನ ಲೇಖನವೊಂದರಲ್ಲಿ ನೂರಕ್ಕೂ ಮೀರಿ ಅಡಿಟಿಪ್ಪಣಿಗಳಿರುವುದು ಸಾಮಾನ್ಯ. ಈ ವಿದ್ಯಾರ್ಥಿಗಳಿಗಾಗಲಿ, ಲೇಖನದ ಯೋಗ್ಯತೆಯನ್ನು ಅಳೆದು ಹೇಳುವ ವಿದ್ವಾಂಸರಿಗಾಗಲಿ ಸಾಮಾನ್ಯವಾಗಿ ಸಂಬಳವಿಲ್ಲ. ಕಲಿಕೆ ಎಂಬ ಪ್ರತಿಫಲ ವಿದ್ಯಾರ್ಥಿಗಳಿಗೆ ಉಂಟು, ಅದು ಸಣ್ಣದಲ್ಲ. ಆದರೆ ಅದನ್ನೇ ನೆಚ್ಚಿಕೊಂಡು ಒಂದು ಸಂಸ್ಥೆ ದಶಕಗಳ ಕಾಲ ನಿಲ್ಲಲಾರದು.

ವಿದ್ಯಾರ್ಥಿಗಳು ಪದವಿ ಪಡೆದು ಹೊರಡುತ್ತಾರೆ. ಜಾಲತಾಣದ ಪಾಸ್‌ವರ್ಡ್, ನವೀಕರಣದ ದಿನಾಂಕ, ಲೇಖಕರೊಡನೆ ನಡೆದ ಪತ್ರವ್ಯವಹಾರ ಇವೆಲ್ಲ ಮುಂದಿನ ತಂಡಕ್ಕೆ ಕ್ರಮವಾಗಿ ದಾಟದಿದ್ದರೆ ಹಳೆಯ ಸಂಚಿಕೆಗಳೇ ಕಾಣೆಯಾಗಬಹುದು. 2000ದಿಂದ 2019ರ ನಡುವೆ 174 ಮುಕ್ತ ಪತ್ರಿಕೆಗಳು ಅಂತರ್ಜಾಲದಿಂದ ಅಳಿಸಿಹೋದವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಸಮಾಜವಿಜ್ಞಾನ ಮತ್ತು ಮಾನವಿಕಗಳಿಗೆ ಸೇರಿದವು.

ಹಣದ ಮೂಲಗಳು ಕೆಲವೇ: ಆತಿಥೇಯ ವಿಶ್ವವಿದ್ಯಾಲಯದ ನೆರವು, ಕಾನೂನು ದತ್ತಾಂಶ ಸಂಸ್ಥೆಗಳಿಂದ ಬರಬಹುದಾದ ಅಲ್ಪ ರಾಯಧನ, ವಕೀಲರ ಸಂಸ್ಥೆಗಳ ಪ್ರಾಯೋಜಕತ್ವ. ಕೊನೆಯದನ್ನು ಎಚ್ಚರದಿಂದ ಸ್ವೀಕರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸ್ಪರ್ಧಾ ಕಾನೂನಿನ, ಅಂದರೆ ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಕಾನೂನಿನ, ಒಂದು ವಿವಾದದ ಬಗ್ಗೆ ಲೇಖನ ಪ್ರಕಟಿಸುವ ಪತ್ರಿಕೆಗೆ, ಅದೇ ವಿವಾದದಲ್ಲಿ ಕಕ್ಷಿದಾರರ ಪರ ವಾದಿಸುವ ಸಂಸ್ಥೆಯೇ ಹಣ ಕೊಡುತ್ತಿದ್ದರೆ, ಅದು ಸಂಚಿಕೆಯಲ್ಲಿ ಓದುಗರ ಕಣ್ಣಿಗೆ ಬೀಳುವಂತೆ ಅಚ್ಚಾಗಿರಬೇಕು.

ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಾಗಿದೆ. ಇದು ಮುಖ್ಯವಾಗಿ 30 ದೊಡ್ಡ ಪ್ರಕಾಶಕರ ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳವರಿಗೆ ಓದಲು ಒದಗಿಸುವ ವೆಚ್ಚ. ಖಾಸಗಿ ಕಾನೂನು ಕಾಲೇಜುಗಳ ವಿದ್ಯಾರ್ಥಿಗಳು ಇದರ ಹೊರಗೇ ಉಳಿದಿದ್ದಾರೆ. ಅವರ ಪಾಲಿಗೆ ಮುಕ್ತ ಪತ್ರಿಕೆಗಳೇ ಗತಿ. ಹಾಗಿರುವಾಗ ನಮ್ಮ ವಿಶ್ವವಿದ್ಯಾಲಯಗಳು ಪತ್ರಿಕೆಯ ಖರ್ಚನ್ನು ಯಾರದೋ ಔದಾರ್ಯಕ್ಕೆ ಬಿಡದೆ, ಗ್ರಂಥಾಲಯದ ಖರ್ಚಿನಂತೆ ವಾರ್ಷಿಕ ಆಯವ್ಯಯದಲ್ಲೇ ಸೇರಿಸಬೇಕು. ಪೂರ್ಣಾವಧಿಯ ಒಬ್ಬ ವ್ಯವಸ್ಥಾಪಕ ಸಂಪಾದಕರ ಸಂಬಳ, ಸರ್ವರ್‌ನ ಬಾಡಿಗೆ, ಸಂಚಿಕೆಗಳ ಪ್ರತಿಯನ್ನು ಇನ್ನೊಂದು ಕಡೆ ಕಾಪಿಡುವ ವೆಚ್ಚ, ಇಷ್ಟು ಸಾಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಈ ವ್ಯವಸ್ಥೆಯನ್ನು ಒಟ್ಟಾಗಿ ಹಂಚಿಕೊಂಡರೆ, ಒಂದೊಂದು ಕಾಲೇಜಿನ ಮೇಲೆ ಬೀಳುವ ಹೊರೆ ಇನ್ನೂ ಹಗುರವಾಗುತ್ತದೆ, ಕನ್ನಡದಲ್ಲಿ ಬರೆದ ಕಾನೂನು ಸಂಶೋಧನೆಗೂ ಅಲ್ಲಿ ಜಾಗ ಸಿಗುತ್ತದೆ. ನಮಸ್ಕಾರ.